ಕ್ರೋಮ್ ಬಂಪರಿನ ಮೋಹಕ್ಕೆ ಬೀಳಬೇಡಿ

ಸಂಪಾದಕರೇ,

ಹಳೆಯ ಬ್ರಿಟಿಷ್ ಕಾರುಗಳ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಬರಹ ಓದಿದೆ. ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರು ಕೊಳ್ಳುವುದಾದರೆ 1974ಕ್ಕಿಂತ ಹಿಂದಿನದನ್ನೇ ಕೊಳ್ಳಿ, ಆಮೇಲಿನದು ಬೇಡವೇ ಬೇಡ ಅಂತ ಅದರಲ್ಲಿತ್ತು. ಅಷ್ಟು ಸುಲಭವಾ?

ಹಳೆಯದು ಚೆಂದ, ಒಪ್ಪುತ್ತೇನೆ. ಆ ಹೊಳೆಯುವ ಕ್ರೋಮ್ ಬಂಪರ್ ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಹಳೆಯದೆಲ್ಲ ಒಂದೇ ಅಲ್ಲ. 1962ರಲ್ಲಿ ಬಂದ ಮೊದಲ ಕಾರುಗಳ ಎಂಜಿನ್ನಿನಲ್ಲಿ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟಿಗೆ ಆಸರೆಯಾಗಿ ಮೂರೇ ಮುಖ್ಯ ಬೇರಿಂಗ್, 1964ರ ಕೊನೆಗೆ ಅದು ಐದಾಯಿತು, ಎಂಜಿನ್ ಗಟ್ಟಿಯಾಯಿತು. ಮೊದಲ ಗೇರಿಗೂ ಸಿಂಕ್ರೋಮೆಶ್, ಅಂದರೆ ಗೇರು ಸಲೀಸಾಗಿ ಬೀಳುವ ವ್ಯವಸ್ಥೆ ಬೇಕಾದರೆ 1967ರ ಕೊನೆಯವರೆಗೆ ಕಾಯಬೇಕಿತ್ತು.

ಇನ್ನು ಆ ಕಪ್ಪು 'ರಬ್ಬರ್' ಬಂಪರ್. ಅದು ರಬ್ಬರೇ ಅಲ್ಲ, ಒಳಗೆ ಉಕ್ಕು, ಮೇಲೆ ಪಾಲಿಯುರೆಥೇನ್. 1974ರಲ್ಲಿ ಅಮೆರಿಕದ ಸುರಕ್ಷತಾ ನಿಯಮಕ್ಕಾಗಿ ಕ್ರೋಮ್ ಬಂಪರ್ ತೆಗೆದು ಇದನ್ನು ಹಾಕಿ ಕಾರನ್ನೇ ಎತ್ತರಿಸಿದರು, ಜೊತೆಗೆ ಮುಂದಿನ ಆಂಟಿ ರೋಲ್ ಬಾರನ್ನೂ, ಅಂದರೆ ಕಾರು ಪಕ್ಕಕ್ಕೆ ವಾಲದಂತೆ ತಡೆಯುವ ಸರಳನ್ನೂ ತೆಗೆದರು, ಹಾಗಾಗಿ ತಿರುವಿನಲ್ಲಿ ಕಾರು ವಾಲಾಡುತ್ತಿತ್ತು, ಇದು ನಿಜ. ಆದರೆ 1977ರ ಮಾದರಿಯಿಂದ ಹಿಂದೆಯೂ ಮುಂದೆಯೂ ಬಾರ್ ಹಾಕಿದರಲ್ವಾ? ಅದನ್ನು ಯಾರೂ ಹೇಳುವುದಿಲ್ಲ!

ನನ್ನ ಕೈಗೆ ಹಣ ಕೊಟ್ಟರೆ ವರ್ಷ ಕೇಳುವ ಮೊದಲು ಬಾಗಿಲ ಕೆಳಗಿನ ಉದ್ದನೆಯ ಲೋಹದ ಭಾಗ, ಅಂದರೆ ಸಿಲ್ ನೋಡುತ್ತೇನೆ. ಈ ಕಾರಿಗೆ ಬೇರೆ ಚಾಸಿ ಇಲ್ಲ, ಭಾರ ಹೊರುವುದು ಬಾಡಿಯೇ, ಅಲ್ಲಿ ತುಕ್ಕು ಹಿಡಿದಿದ್ದರೆ ಮೇಲಿನ ಕ್ರೋಮ್ ಎಷ್ಟು ಹೊಳೆದರೂ ಸುಮ್ನೆ ದುಡ್ಡು ದಂಡ. ತುಕ್ಕಿಲ್ಲದ 1978ರ ಕಾರು ಸಿಕ್ಕರೆ ಕಣ್ಮುಚ್ಚಿ ತಗೊಳ್ಳುತ್ತೇನೆ. ಬಂಪರ್ ಬೇಡವೆಂದರೆ ಆಮೇಲೆ ಬದಲಿಸಬಹುದು.

ಇಂತಿ,
ಒಬ್ಬ ಓದುಗ