ವರದಿ ಗೇಟಿನ ಬೋರ್ಡಿಗೂ ಬರಲಿ

ಮಾನ್ಯರೇ,

ವಿಶ್ವಸಂಸ್ಥೆ 2000ದಲ್ಲಿ ಶುರು ಮಾಡಿದ ಗ್ಲೋಬಲ್ ಕಾಂಪ್ಯಾಕ್ಟ್ ಎಂಬ, ಕಂಪನಿಗಳು ತಾವಾಗಿ ಸೇರುವ ಒಪ್ಪಂದಕ್ಕೆ ಭಾರತದಲ್ಲೂ ಒಂದು ಜಾಲವಿದೆ. ಸೇರುವ ಕಂಪನಿಗಳು ಮಾನವ ಹಕ್ಕು, ಕಾರ್ಮಿಕರು, ಪರಿಸರ, ಭ್ರಷ್ಟಾಚಾರ ತಡೆ ಕುರಿತ 10 ತತ್ವಗಳನ್ನು ಒಪ್ಪಬೇಕು, ವರ್ಷ ವರ್ಷ ವರದಿ ಕೊಡಬೇಕು. ಒಳ್ಳೆಯದೇ. ಆದರೆ ಓದುವವರು ಯಾರು?

ಬೈಕಂಪಾಡಿಯಲ್ಲಿ ನಮ್ಮ ಮನೆ ಹಿಂದಿನ ತೋಡಿನಲ್ಲಿ ಮೊನ್ನೆ ಕಪ್ಪು ನೀರು ಹರಿಯಿತು, ಮೇಲೆ ಎಣ್ಣೆಯ ಪದರ. ಬಾವಿ ನೀರಿಗೂ ವಾಸನೆ. ಜೋರು ಮಳೆ ಬಂದ ರಾತ್ರಿ ನೋಡಿಕೊಂಡೇ ಕಾರ್ಖಾನೆಯವರು ಕೊಳಕು ನೀರು ಹೊರಬಿಡುತ್ತಾರೆ ಅನ್ನೋದು ಊರವರ ಗುಮಾನಿ. ಕೇಳಿದರೆ ಎಲ್ಲರದ್ದೂ ‘ನಮ್ದಲ್ಲ’.

ಇಂಗ್ಲಿಷಿನ ಬಣ್ಣದ ವರದಿಯಿಂದ ನಮಗೇನು ಲಾಭ? ಎಷ್ಟು ನೀರು ಬಳಸಿದರು, ಎಷ್ಟು ಹೊರಬಿಟ್ಟರು ಅಂತ ಕಾರ್ಖಾನೆಯವರು ಗೇಟಿನಲ್ಲೇ ಕನ್ನಡದಲ್ಲಿ ಬರೆಯಲಿ. ವಾರ್ಡ್ ಸಭೆಗೂ ಒಬ್ಬರು ಬಂದು ಉತ್ತರ ಕೊಡಲಿ.

– ಓರ್ವ ನಿವಾಸಿ, ಬೈಕಂಪಾಡಿ, ಮಂಗಳೂರು