ರ‍್ಯಾಮ್ ಕೊಳ್ಳುವ ಮುನ್ನ ಜಾವಾದ ಮಿತಿ ನೋಡಿ

ಮಾನ್ಯ ಸಂಪಾದಕರೇ,

ಜಾವಾ ಪ್ರೋಗ್ರಾಮ್ ‘ಔಟ್ ಆಫ್ ಮೆಮೊರಿ ಎರರ್: ಜಾವಾ ಹೀಪ್ ಸ್ಪೇಸ್’ ಎಂದು ನಿಂತುಬಿಟ್ಟರೆ ಕಂಪ್ಯೂಟರಿಗೆ ರ‍್ಯಾಮ್ ಸಾಲದು ಎಂದು ತೀರ್ಮಾನಿಸಿಬಿಡುವುದುಂಟು. ಕಾಲೇಜು ಲ್ಯಾಬ್‌ಗಳ ಮೇಲ್ವಿಚಾರಕರು ಹೊಸ ರ‍್ಯಾಮ್‌ಗೆ ಬೇಡಿಕೆ ಬರೆಯುವ ಮೊದಲು ಒಂದು ವಿಷಯ ಗಮನಿಸಬೇಕು. ನಾವೇನೂ ಹೇಳದಿದ್ದರೆ ಜಾವಾ, ಪ್ರೋಗ್ರಾಮಿನ ದತ್ತಾಂಶ ಇಡುವ ಜಾಗವಾದ ತನ್ನ ಹೀಪ್‌ಗೆ ಸಾಮಾನ್ಯವಾಗಿ ರ‍್ಯಾಮ್‌ನ ಕಾಲುಭಾಗವನ್ನಷ್ಟೇ ಮಿತಿಯಾಗಿ ಇಟ್ಟುಕೊಳ್ಳುತ್ತದೆ. 8 ಜಿಬಿ ಯಂತ್ರದಲ್ಲಿ ಅದು ಸುಮಾರು 2 ಜಿಬಿ. ಉಳಿದ ಜಾಗ ಖಾಲಿ ಬಿದ್ದಿದ್ದರೂ ಮುಟ್ಟುವುದಿಲ್ಲ.

ಮಿತಿ ಏರಿಸಲು ಕಮಾಂಡ್‌ನಲ್ಲಿ ‘ಜಾವಾ’ ಪದದ ನಂತರ ಒಂದು ಹೈಫನ್, ದೊಡ್ಡಕ್ಷರದ ಎಕ್ಸ್, ಸಣ್ಣಕ್ಷರದ ಎಂ ಮತ್ತು ಎಕ್ಸ್, ಅದಕ್ಕೆ ಅಂಟಿಸಿ 4ಜಿ ಎಂದು ಬರೆದರೆ ಸಾಕು. ನಡುವೆ ಜಾಗವಾಗಲಿ ಸಮಚಿಹ್ನೆಯಾಗಲಿ ಇರಬಾರದು. ಕೊನೆಯ ಜಿ ಬಿಟ್ಟರೆ ಬರೀ 4 ಬೈಟ್ ಎಂದಾಗಿ ಜಾವಾ ಶುರುವಾಗುವುದೇ ಇಲ್ಲ. ಇದನ್ನು ಜಾರ್ ಫೈಲಿನ (ಪ್ರೋಗ್ರಾಮನ್ನು ಕಟ್ಟಿಟ್ಟ ಫೈಲು) ಹೆಸರಿಗಿಂತ ಮೊದಲೇ ಬರೆಯಬೇಕು. ಹೆಸರಿನ ನಂತರ ಬರೆದದ್ದು ಪ್ರೋಗ್ರಾಮಿಗೆ ಹೋಗುತ್ತದೆಯೇ ಹೊರತು ಜಾವಾಕ್ಕೆ ತಲುಪುವುದಿಲ್ಲ. ಯಾವ ದೋಷವೂ ತೋರದ ಕಾರಣ, ಹಾಕಿದ್ದೇವೆ ಎಂಬ ನಂಬಿಕೆ ಮಾತ್ರ ಉಳಿಯುತ್ತದೆ.

ಜಾವಾ ಪ್ರೋಗ್ರಾಮ್ ಬರೆಯುವ ತಂತ್ರಾಂಶವಾದ ಎಕ್ಲಿಪ್ಸ್ ಬಳಸುವವರು ಎಡವುವುದು ಇನ್ನೊಂದು ಕಡೆ. ಎಕ್ಲಿಪ್ಸ್.ಐಎನ್‌ಐ ಫೈಲಿನಲ್ಲಿ ಬದಲಿಸಿದ ಅಂಕಿ ಎಕ್ಲಿಪ್ಸ್‌ಗೆ ಮಾತ್ರ ಅನ್ವಯ. ವಿದ್ಯಾರ್ಥಿಯ ಪ್ರೋಗ್ರಾಮ್ ಓಡುವುದು ಬೇರೆಯೇ ಪ್ರಕ್ರಿಯೆಯಾಗಿ. ಅದಕ್ಕೆ ರನ್ ಕಾನ್ಫಿಗರೇಷನ್ಸ್ ತೆರೆದು, ಆರ್ಗ್ಯುಮೆಂಟ್ಸ್ ಪುಟದ ‘ವಿಎಂ ಆರ್ಗ್ಯುಮೆಂಟ್ಸ್’ ಚೌಕದಲ್ಲಿ ಬರೆಯಬೇಕು.

ಹಳೆಯ ಯಂತ್ರಗಳಲ್ಲಿ 32 ಬಿಟ್ ಜಾವಾ ಇದ್ದರೆ 4 ಜಿಬಿ ಕೇಳಿದರೂ ಸಿಗದು. ವಿಂಡೋಸ್‌ನಲ್ಲಿ ಸುಮಾರು ಒಂದೂವರೆ ಜಿಬಿಗೇ ಅದು ಕೈಚೆಲ್ಲುತ್ತದೆ. ಮೊದಲು 64 ಬಿಟ್ ಜಾವಾ ಹಾಕಿ. ಹಾಗೆಂದು 8 ಜಿಬಿಯಲ್ಲಿ 7 ಜಿಬಿಯನ್ನು ಹೀಪ್‌ಗೇ ಕೊಡುವುದು ತರವಲ್ಲ. ಏಕಕಾಲಕ್ಕೆ ಓಡುವ ಕೆಲಸದ ಎಳೆಗಳಾದ ಥ್ರೆಡ್‌ಗಳ ಸ್ಟ್ಯಾಕ್, ಕ್ಲಾಸ್‌ಗಳ ವಿವರ ಇಡುವ ಮೆಟಾಸ್ಪೇಸ್ ಮೊದಲಾದವು ಹೀಪ್‌ನ ಹೊರಗೆ ಜಾಗ ಬೇಡುತ್ತವೆ. ಜಾಗ ಸಾಲದೆ ಆಪರೇಟಿಂಗ್ ಸಿಸ್ಟಮ್ ಡಿಸ್ಕಿನ ಮೊರೆ ಹೋದರಂತೂ ಯಂತ್ರವಿಡೀ ತೆವಳುತ್ತದೆ. ಅರ್ಧದಷ್ಟು ಕೊಟ್ಟು ನೋಡುವುದು ಕ್ಷೇಮ. ಅಂದಹಾಗೆ, ದೋಷದ ಸಾಲಿನಲ್ಲಿ ‘ಮೆಟಾಸ್ಪೇಸ್’ ಎಂದಿದ್ದರೆ ಹೀಪ್ ಹೆಚ್ಚಿಸಿ ಫಲವಿಲ್ಲ. ಹೊಸ ನೇಟಿವ್ ಥ್ರೆಡ್ ಆಗುತ್ತಿಲ್ಲ ಎಂದಿದ್ದರೆ ಹೀಪ್ ಹೆಚ್ಚಿಸುವುದರಿಂದ ಸಮಸ್ಯೆ ಬಿಗಡಾಯಿಸಲೂಬಹುದು.

ಮಿತಿ ಏರಿಸುವುದನ್ನಷ್ಟೇ ಕಲಿಸಿ ಕೈತೊಳೆದುಕೊಳ್ಳಬಾರದೆಂದು ಶಿಕ್ಷಕರಲ್ಲಿ ವಿನಂತಿ. ಒಂದು ಕೋಟಿ ಪೂರ್ಣಾಂಕಗಳ ಸಾದಾ ಇಂಟ್ ಅರೇಗೆ 40 ಎಂಬಿ ಸಾಕು. ಅಷ್ಟೇ ಸಂಖ್ಯೆಗಳನ್ನು ಬೆಳೆಯಬಲ್ಲ ಪಟ್ಟಿಯಾದ ಅರೇಲಿಸ್ಟ್‌ನಲ್ಲಿ ಇಂಟಿಜರ್ ಆಬ್ಜೆಕ್ಟ್‌ಗಳಾಗಿ ತುಂಬಿದರೆ, ಒಂದೊಂದಕ್ಕೆ 16 ಬೈಟ್, ಅದನ್ನು ತೋರುವ ಕೊಂಡಿಗೆ 4 ಬೈಟ್ ಸೇರಿ ಸುಮಾರು 200 ಎಂಬಿ. ಪಟ್ಟಿ ಬೆಳೆಯುವಾಗ ಹಳೆಯ ಅರೇ ಮತ್ತು ಹೊಸದು ಕ್ಷಣಕಾಲ ಒಟ್ಟಿಗೇ ಇರುವುದರಿಂದ ಅದಕ್ಕೂ ಹೆಚ್ಚು ಬೇಕು. ದೊಡ್ಡ ಫೈಲನ್ನು ಇಡಿಯಾಗಿ ಮೆಮೊರಿಗೆ ಎಳೆಯುವ ಬದಲು ಬಫರ್ಡ್ ರೀಡರ್‌ನಿಂದ ಸಾಲು ಸಾಲಾಗಿ ಓದಿದರೆ ಎಷ್ಟೋ ಪ್ರೋಗ್ರಾಮುಗಳು ಮೊದಲಿನ ಮಿತಿಯಲ್ಲೇ ಮುಗಿಯುತ್ತವೆ. 2 ಜಿಬಿಗೆ ಹತ್ತು ನಿಮಿಷದಲ್ಲಿ ನಿಂತದ್ದು 4 ಜಿಬಿ ಕೊಟ್ಟರೆ ಇಪ್ಪತ್ತು ನಿಮಿಷಕ್ಕೆ ನಿಲ್ಲುತ್ತದೆ ಎಂದಾದರೆ, ಬೇಡದ ಆಬ್ಜೆಕ್ಟ್‌ಗಳನ್ನು ಪ್ರೋಗ್ರಾಮ್ ಎಲ್ಲೋ ಹಿಡಿದಿಟ್ಟುಕೊಂಡಿದೆಯೆಂದೇ ಶಂಕಿಸಬೇಕು. ಆಗ ಹೀಪ್ ಡಂಪ್ (ಆ ಕ್ಷಣದ ಹೀಪ್‌ನ ಪ್ರತಿ) ತೆಗೆದು ಎಕ್ಲಿಪ್ಸ್ ಮೆಮೊರಿ ಅನಲೈಸರ್‌ನಲ್ಲಿ ತೆರೆದರೆ, ಜಾಗ ಹಿಡಿದಿರುವ ಕ್ಲಾಸ್‌ಗಳು ಹೆಸರು ಸಮೇತ ಕಾಣುತ್ತವೆ.

– ಓದುಗ, ಬೆಂಗಳೂರು