ಸಿಮೆಂಟಿನ ಊರಲ್ಲೇ ಮನೆ ನಿಲ್ಲುವುದೇಕೆ?

ಮಾನ್ಯ ಸಂಪಾದಕರೇ,

ವಸತಿ ಯೋಜನೆಯ ಮನೆಗಳು ಅರ್ಧಕ್ಕೆ ನಿಂತಾಗಲೆಲ್ಲ ಬೈಗುಳ ಗೋಡೆ ಕಟ್ಟುವ ಗೌಂಡಿಗಳ ಪಾಲಿಗೆ. ನಾನು ಸೇಡಂ ತಾಲ್ಲೂಕಿನಲ್ಲಿ 30 ವರ್ಷ ಕರಣಿ ಹಿಡಿದವನು. ಸಿಮೆಂಟ್ ಇಲ್ಲೇ ಮಳಖೇಡದಲ್ಲಿ ತಯಾರಾಗುತ್ತದೆ, ಪರಸಿ ಕಲ್ಲು ಪಕ್ಕದ ಖಣಿಯಲ್ಲೇ ಏಳುತ್ತದೆ. ಆದರೂ ಎರಡು ಕೋಣೆಯ ಮನೆ ವರ್ಷದಲ್ಲಿ ಮುಗಿಯದು.

ನಮ್ಮ ಓಣಿಯ ಕೂಲಿ ಹೆಣ್ಣುಮಗಳೊಬ್ಬಳ ಮನೆಯ ಕತೆ ಕೇಳಿ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ, 1.20 ಲಕ್ಷ ರೂಪಾಯಿ, ಮಂಜೂರಾದ 12 ತಿಂಗಳಲ್ಲಿ ಮುಗಿಸಬೇಕು. ಆದೇಶ ಬಂದದ್ದು ಜೂನ್‌ನಲ್ಲಿ. ನಮ್ಮದು ಎರಿ ನೆಲ, ಅಂದರೆ ಕಪ್ಪು ಮಣ್ಣು, ಕೆಳಗಿನ ಗಟ್ಟಿ ಗರಸು ಸಿಗುವ ತನಕ ತೋಡಬೇಕು. ಮಳೆಗಾಲದಲ್ಲಿ ತೋಡಿದರೆ ಕುಣಿಯ ದಂಡೆಯೇ ಕುಸಿಯುತ್ತದೆ. (ಆಷಾಢದಲ್ಲಿ ನಾನೂ ಗುದ್ದಲಿ ಪೂಜೆಗೆ ನಿಲ್ಲುವವನಲ್ಲ, ಅದನ್ನೂ ಒಪ್ಪಿಕೊಂಡುಬಿಡುತ್ತೇನೆ.) ದಸರೆ ಮುಗಿಸಿ ಪಾಯ ಹಾಕಿದೆವು. ನವೆಂಬರಿನಲ್ಲಿ ಗೋಡೆ ಬಾಗಿಲ ಮೇಲಿನ ಅಡ್ಡಪಟ್ಟಿ, ಅಂದರೆ ಲಿಂಟಲ್‌ಗೆ ಬಂತು.

ಅಲ್ಲಿಗೆ ನಿಂತಿತು. ಕೆಲಸದ ಹಂತದ ಫೋಟೊ ತೆಗೆದರೇ ಮುಂದಿನ ಕಂತಿನ ಹಣ. ಆ ಫೋಟೊ ತೆಗೆಯಬೇಕಾದವರು ಮೂರು ವಾರ ಬರಲಿಲ್ಲ. ಬಂದು ಹೋದ ಮೇಲೆ ಕಂತು ಬೀಳಲು ಮತ್ತೊಂದು ತಿಂಗಳು. ಅಲ್ಲಿಯವರೆಗೆ ನಾನು ಖಾಲಿ ಕೂತರೆ ಮನೆಯಲ್ಲಿ ಒಲೆ ಉರಿಯಬೇಕಲ್ಲ? ಬೇರೆ ಕೆಲಸ ಹಿಡಿದೆ. ಹಣ ಬಂದಾಗ ಅದನ್ನು ನಡುವೆ ಬಿಟ್ಟು ಬರಲಾಗಲಿಲ್ಲ. ಆಳು ಕಳಿಸೋಣವೆಂದರೆ ಎಲ್ಲರೂ ತೊಗರಿ ರಾಶಿಯಲ್ಲಿ. ರಾಶಿ ಮುಗಿಯುತ್ತಲೇ ಅರ್ಧ ಓಣಿ ಪುಣೆ, ಹೈದರಾಬಾದಿಗೆ ಗುಳೆ ಹೋಯಿತು. ನಾನು ಬಿಡುವಾದಾಗ ಸ್ಲ್ಯಾಬ್ ಹಾಕಲು ಕೆಳಗೆ ಆಸರೆ ಕೊಡುವ ಸೆಂಟ್ರಿಂಗ್ ಹಲಗೆ ಬಾಡಿಗೆಗೆ ಸಿಗಲಿಲ್ಲ. ಬೇಸಿಗೆ ಎಂದರೆ ಎಲ್ಲರೂ ಮನೆ ಕಟ್ಟುವ ಕಾಲ.

ಸ್ಲ್ಯಾಬ್ ಹಾಕಿದ್ದು ಮೇ ತಿಂಗಳಲ್ಲಿ. ಆ ಬಿಸಿಲಿಗೆ ಎರಡು ವಾರವಾದರೂ ಸ್ಲ್ಯಾಬ್ ಮೇಲೆ ನೀರು ಕಟ್ಟಿ ನಿಲ್ಲಿಸಬೇಕು, ಇಲ್ಲವಾದರೆ ಬಿರುಕು. ನಲ್ಲಿ ನೀರು ಕುಡಿಯಲಿಕ್ಕೇ ಸಾಲದು. ಆಕೆ ಸಾಲ ಮಾಡಿ ಟ್ಯಾಂಕರ್ ತರಿಸಿದಳು. ಗಿಲಾವು ಇನ್ನೂ ಬಾಕಿ ಇತ್ತು, ಜೂನ್ ಬಂತು, ವಿಳಂಬಕ್ಕೆ ಕಾರಣ ಕೇಳಿ ನೋಟಿಸೂ ಬಂತು.

ಎರಡು ತಿಂಗಳೂ ತುಂಬದ ಕಂತಿನ ತಡ ಆರು ತಿಂಗಳು ನುಂಗಿತು. ಗೌಂಡಿ ಒಮ್ಮೆ ಎದ್ದು ಹೋದರೆ ಹಣ ಬಂದ ದಿನವೇ ವಾಪಸ್ ಬರುವುದಿಲ್ಲ, ಇದು ಕಚೇರಿಯ ಲೆಕ್ಕದಲ್ಲಿ ಇಲ್ಲ. ಎರಿ ನೆಲದ ಊರುಗಳಿಗೆ ಆದೇಶ ಪತ್ರ ದಸರೆ ಹೊತ್ತಿಗೆ ಸಿಗಲಿ. ಲಿಂಟಲ್ ಮತ್ತು ಸ್ಲ್ಯಾಬಿನ ಕಂತು ಒಟ್ಟಿಗೆ ಬರಲಿ. ನೋಟಿಸ್ ಕೊಡುವುದಾದರೆ ಫೋಟೊ ತೆಗೆದ ದಿನಾಂಕ, ಹಣ ಜಮೆಯಾದ ದಿನಾಂಕ ಎರಡನ್ನೂ ಅದೇ ಹಾಳೆಯಲ್ಲಿ ಬರೆಯಲಿ.

— ಒಬ್ಬ ಗೌಂಡಿ, ಸೇಡಂ ತಾಲ್ಲೂಕು, ಕಲಬುರಗಿ ಜಿಲ್ಲೆ